ಅತ್ತೆಯವರ ರಕ್ತದ ಮಾದರಿಯನ್ನು ಹಿಂಪಡೆದ ಬಗ್ಗೆ

ಓದುವ ಮಹನೀಯರಲ್ಲಿ ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕಾಗುಣಿತ ಶುದ್ಧವಾದುದಲ್ಲ. ಮಹಾಪ್ರಾಣ ಬರಬೇಕಾದಲ್ಲಿ ಅಲ್ಪಪ್ರಾಣ ಬಂದಿರಬಹುದು. ಅಕ್ಷರವೂ ಅಂದವಾಗಿಲ್ಲ. ಕಿರುಬೆರಳಿಗಿಂತ ಸಣ್ಣ ಪ್ಲಾಸ್ಟಿಕ್ ಕೊಳವೆಗಳ ಮೇಲೆ ಸಂಖ್ಯೆ ಬರೆದು ಬರೆದು ನನ್ನ ಕೈಬರಹ ಇರುವೆಯ ಸಾಲಿನಂತಾಗಿದೆ. ಇದುವರೆಗೆ ನಾನು ಬರೆದಿರುವುದು ರಜೆಯ ಅರ್ಜಿ, ಐಸ್ ಪೆಟ್ಟಿಗೆ ಬೇಕೆಂಬ ಕೋರಿಕೆ, ಮಾದರಿ ತಡವಾದುದಕ್ಕೆ ಸಮಜಾಯಿಷಿ, ಇಂಥವನ್ನು ಮಾತ್ರ. ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ಮನ್ನಿಸಬೇಕು. ಬೇರೆ ಧಾಟಿ ನನಗೆ ತಿಳಿಯದು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಒಂದು ಸಂಶೋಧನಾ ಯೋಜನೆಯಲ್ಲಿ ಕ್ಷೇತ್ರ ಸಹಾಯಕಿಯಾಗಿದ್ದೇನೆ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರ ಮನೆಗಳಿಗೆ ಹೋಗಿ, ವಿಷಯ ತಿಳಿಸಿ, ಒಪ್ಪಿದವರ ರಕ್ತ ತೆಗೆದು, ಪುತ್ತೂರಿನಲ್ಲಿ ನಮಗೆ ಕೊಟ್ಟಿರುವ ಕೋಣೆಗೆ ತರುವುದು ನನ್ನ ಕೆಲಸ. ಅಲ್ಲಿ ಅದನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಭಾಗ ತಳಕ್ಕಿಳಿದು, ಒಣಹುಲ್ಲಿನ ಬಣ್ಣದ ತಿಳಿನೀರು ಮೇಲೆ ಉಳಿಯುತ್ತದೆ. ಆ ತಿಳಿಯನ್ನು ಹೆಪ್ಪುಗಟ್ಟಿಸಿ ನಗರದ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ.

ಕ್ಯಾನ್ಸರು ಎದೆಯನ್ನು ಬಿಟ್ಟು ಎಲುಬಿಗೋ ಯಕೃತ್ತಿಗೋ ಹೋಗಿ ಕುಳಿತರೆ ರಕ್ತದಲ್ಲಿನ ಕೆಲವು ಪ್ರೋಟೀನುಗಳು ಏರುತ್ತವೆ, ಕೆಲವು ಇಳಿಯುತ್ತವೆ ಎಂಬುದು ಊಹೆ. ಊಹೆ ನಿಜವೇ, ನಿಜವಾದರೆ ಯಾವ ಪ್ರೋಟೀನು ಎಷ್ಟು ಏರುತ್ತದೆ ಎಂದು ಅಳೆಯುವುದು ಯೋಜನೆಯ ಉದ್ದೇಶ. ಅಳೆಯುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ಪ್ರೋಟೀನನ್ನು ಮೊದಲು ಚೂರು ಚೂರಾಗಿ ಕತ್ತರಿಸುತ್ತಾರೆ. ಚೂರುಗಳಿಗೆ ವಿದ್ಯುತ್ತಿನ ಆವೇಶ ಕೊಟ್ಟು ಹಾರಿಸುತ್ತಾರೆ. ಯಂತ್ರವು ಹಾರುವ ಚೂರಿನ ತೂಕವನ್ನು ನೋಡಿ ಇದು ಇಂಥದ್ದು ಎಂದು ಗುರುತಿಸುತ್ತದೆ. ಅದೇ ಚೂರಿನ ಸ್ವಲ್ಪ ಭಾರವಾದ ಜೋಡಿಯೊಂದನ್ನು ಮೊದಲೇ ಗೊತ್ತಾದ ಪ್ರಮಾಣದಲ್ಲಿ ಸೇರಿಸಿರುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲು ಇಟ್ಟ ಹಾಗೆ. ಎರಡನ್ನೂ ಹೋಲಿಸಿ ಪ್ರಮಾಣ ಹೇಳುತ್ತಾರೆ. ನಾನು ಮನೆಮನೆಗಳಲ್ಲಿ ವಿವರಿಸುವುದೂ ಇಷ್ಟನ್ನೇ.

ಹೇಳುವಾಗ ಸುಲಭ. ಬೆಟ್ಟಂಪಾಡಿಯ ಒಳಗಿನ ಮನೆಯೊಂದರಲ್ಲಿ ತೆಗೆದ ರಕ್ತ ಜೀಪಿನಲ್ಲಿ ಕುಲುಕಿ ಕುಲುಕಿ ಪುತ್ತೂರು ತಲುಪುವಾಗ ಕೆಂಪು ಕಣಗಳು ಒಡೆದು, ತಿಳಿ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಎಸೆಯಬೇಕು. ಕೊಟ್ಟವರ ಮನೆಗೆ ಮತ್ತೆ ಹೋಗಿ ಕೈ ನೀಡಿ ಎನ್ನಬೇಕು. ಈಶ್ವರಮಂಗಲದ ಒಬ್ಬ ತಾಯಿ ನನ್ನನ್ನು ದೂರದಿಂದ ಕಂಡೊಡನೆ, "ಬಂತು ನೋಡಿ ಜಿಗಣೆ" ಎಂದು ಒಳಗೆ ಕೂಗಿ ಹೇಳಿ, ಅನಂತರ ನಗುತ್ತಾ ಬೆಲ್ಲ ನೀರು ಕೊಡುತ್ತಿದ್ದರು. ಕರೆಂಟು ಹೋದರೆ ಕೆಲಸ ಕೆಟ್ಟಿತು. ಬಸ್ಸು ತಪ್ಪಿದರೆ ಕೆಟ್ಟಿತು. ಎಲ್ಲವೂ ಸರಿಯಾಗಿ ನಗರ ತಲುಪಿದರೆ, ಅಲ್ಲಿ ಯಂತ್ರ ಕೆಟ್ಟಿರುತ್ತಿತ್ತು. ನನ್ನ ಸಹನೆಯನ್ನು ಈ ಕೆಲಸ ಎಷ್ಟು ತಿಂದಿದೆ ಎಂಬುದನ್ನು ಯಾವ ಯಂತ್ರವೂ ಅಳೆಯಲಾರದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆ, ಎಂದರೆ ಗಂಡನ ತಾಯಿ, ನಮ್ಮ ಜೊತೆಯಲ್ಲೇ ಕಡಬದ ಹತ್ತಿರ ಇದ್ದಾರೆ. ಸ್ವಲ್ಪ ರಬ್ಬರು ಮರಗಳಿವೆ. ಮರ ಕೆತ್ತಿ ಹಾಲು ಇಳಿಸಲು ಆಳು ಬರುತ್ತಾನೆ. ಆ ರಬ್ಬರು ಹಾಲನ್ನು ಹೆಪ್ಪುಹಾಕಿ ಶೀಟು ಮಾಡುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ನಾನು ಯೋಜನೆಗೆ ಸೇರುವ ಮೊದಲೇ ಅವರಿಗೆ ಎಡ ಎದೆಯ ಶಸ್ತ್ರಚಿಕಿತ್ಸೆ ಆಗಿತ್ತು. ಔಷಧಿ ಮುಗಿದು, ಕೂದಲು ಮತ್ತೆ ಬಂದು, ಅವರು ಮೊದಲಿನಂತೆಯೇ ಆಗಿದ್ದರು.

ಒಂದು ದಿನ ಅಂಗಳದಲ್ಲಿ ನನ್ನ ಪೆಟ್ಟಿಗೆಯನ್ನು ಒರೆಸುತ್ತಿದ್ದಾಗ ಅವರೇ ಕೇಳಿದರು.

"ಊರಿನ ಹೆಂಗಸರದ್ದೆಲ್ಲ ತೆಗಿತಿ. ನನ್ನದೆಂತ, ರಕ್ತ ಅಲ್ವಾ? ನೀರಾ?"

"ಮನೆಯವರದ್ದು ತೆಗೆಯಬಹುದಾ ಅಂತ ಕೇಳ್ಬೇಕು, ಅತ್ತೆ."

"ಕೇಳು. ಕೇಳಿಯೇ ತೆಗಿ. ಹೊರಗಿನವರು ಬಂದು ಚುಚ್ಚುದಕ್ಕಿಂತ ನೀನು ಚುಚ್ಚುದು ಒಳ್ಳೆದು. ನೋವಾದ್ರೆ ಬೈಲಿಕ್ಕೆ ಆಗ್ತದಲ್ಲ."

ಪ್ರಯೋಗಾಲಯದ ಮುಖ್ಯಸ್ಥೆ, ನಾವು ಮೇಡಂ ಎನ್ನುವವರು, ಅನುಮತಿ ಕೊಟ್ಟರು. ಶಸ್ತ್ರಚಿಕಿತ್ಸೆ ಆದ ಬದಿಯ ಕೈಯನ್ನು ಚುಚ್ಚಬಾರದೆಂದು ಅತ್ತೆಯ ಬಲಗೈಯಿಂದ ತೆಗೆದೆ. ತೆಗೆಯುವ ಮೊದಲು ಎಲ್ಲರಿಗೆ ಹೇಳುವಂತೆ ಅವರಿಗೂ ಹೇಳಿದೆ: ಇದು ಸಂಶೋಧನೆಗಾಗಿ, ನಿಮ್ಮ ಹೆಸರು ಅಲ್ಲಿಗೆ ಹೋಗುವುದಿಲ್ಲ, ಬರಿಯ ಸಂಖ್ಯೆ ಹೋಗುತ್ತದೆ, ನಿಮಗೆಂದು ಪ್ರತ್ಯೇಕ ಫಲಿತಾಂಶ ಬರುವುದಿಲ್ಲ. ಅವರು ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ಒಪ್ಪಿಗೆ ಎಂದು ತಿಳಿದೆ. ಒಪ್ಪಿಗೆ ಹೌದು. ಆದರೆ ಮಾತನ್ನು ಅವರು ಬೇರೆ ರೀತಿಯಲ್ಲಿ ತೆಗೆದುಕೊಂಡಿದ್ದರು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ತಿಳಿಸುವುದು ಅಗತ್ಯ. ಮನೆಯಲ್ಲಿ ಕಾಯಿಲೆ ಬಂದರೆ, ದನ ತಪ್ಪಿಸಿಕೊಂಡರೆ, ಮದುವೆ ಕೂಡಿಬರದಿದ್ದರೆ, ಜ್ಯೋತಿಷಿಗಳಲ್ಲಿ ಹೋಗಿ ಪ್ರಶ್ನೆ ಇಡುವ ಕ್ರಮವಿದೆ. ವೀಳ್ಯದೆಲೆಯ ಮೇಲೆ ಕಾಣಿಕೆ ಇಟ್ಟು ಕೇಳಬೇಕಾದುದನ್ನು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಅವರು ಕವಡೆ ಮಗುಚಿ ಉತ್ತರ ಹೇಳುತ್ತಾರೆ. ಕೆಲವೊಮ್ಮೆ ಈಗ ಸಮಯ ಸರಿಯಿಲ್ಲ, ಆಮೇಲೆ ಹೇಳುತ್ತೇನೆ ಎಂದು ಉಳಿಸಿಕೊಳ್ಳುವುದೂ ಉಂಟು. ಅತ್ತೆಯ ತವರಿನಿಂದ ಬಂದ ನಿಯಮವೇನೆಂದರೆ, ಒಬ್ಬರ ಮುಂದೆ ಪ್ರಶ್ನೆ ಇಟ್ಟ ಮೇಲೆ ಅದರ ಉತ್ತರ ಬರುವವರೆಗೆ ಇನ್ನೊಬ್ಬರ ಬಾಗಿಲಿಗೆ ಹೋಗಬಾರದು. ಹೋದರೆ ಎರಡೂ ಉತ್ತರಗಳು ಸುಳ್ಳಾಗುತ್ತವೆ. ಎಲ್ಲರ ಮನೆಗಳಲ್ಲಿ ಹೀಗಿದೆಯೋ ನಾನರಿಯೆ.

ರಕ್ತ ಕೊಟ್ಟು ಕೆಲವು ತಿಂಗಳ ನಂತರ ಅತ್ತೆಗೆ ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಮೊದಲು ಶೀಟು ಹಿಂಡುವ ಯಂತ್ರ ತಿರುಗಿಸಿದ್ದಕ್ಕೆ ಎಂದರು. ಆಮೇಲೆ ಮಳೆಯ ತಂಪಿಗೆ ಎಂದರು. ಬೆಳಿಗ್ಗೆ ಚಾಪೆಯಿಂದ ಏಳುವಾಗ ಗೋಡೆ ಹಿಡಿಯತೊಡಗಿದರು. ನಾನೂ ಗಂಡನೂ ಬಲವಂತ ಮಾಡಿ ಶಸ್ತ್ರಚಿಕಿತ್ಸೆ ಮಾಡಿದ್ದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅವರು ಬೆನ್ನನ್ನು ಒತ್ತಿ ನೋಡಿ, ಎಲುಬಿನ ಸ್ಕ್ಯಾನ್ ಆಗಲೇಬೇಕು, ತಡ ಮಾಡಬೇಡಿ ಎಂದರು. ಅತ್ತೆ ಅಲ್ಲಿ ಆಯಿತು ಎಂದರು. ಜೀಪು ಹತ್ತಿದ ಮೇಲೆ ಆಗುವುದಿಲ್ಲ ಎಂದರು.

"ಯಾಕಮ್ಮ ಆಗುದಿಲ್ಲ?" ಗಂಡ ಜೀಪು ಓಡಿಸುತ್ತಲೇ ಕೇಳಿದರು. ಅವರ ಕೆಲಸವೂ ಅದೇ, ಕಡಬದಿಂದ ಒಳಊರುಗಳಿಗೆ ಬಾಡಿಗೆ ಜೀಪು.

"ಪ್ರಶ್ನೆ ಇಟ್ಟಾಗಿದೆಯಲ್ಲ. ಇವಳ ಮಿಷನಿನ ಹತ್ತಿರ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

"ಅತ್ತೆ, ಅದು ಉತ್ತರ ಕೊಡುದಿಲ್ಲ ಅಂತ ನಾನು ಆವತ್ತೇ ಹೇಳಿದ್ದೇನಲ್ಲ!"

"ಜ್ಯೋತಿಷಿಗಳೂ ಹಾಗೇ ಹೇಳುದು, ನಾನು ಹೇಳುದಲ್ಲ, ದೇವರು ಹೇಳಿಸಿದ್ದು ಅಂತ. ಅದು ದೊಡ್ಡವರ ಮರ್ಯಾದೆಯ ಮಾತು. ರಕ್ತ ತೆಗೊಂಡವರು ಉತ್ತರ ಹೇಳದೆ ಇರ್ತಾರಾ? ತೋಟದ ಮಣ್ಣು ಪರೀಕ್ಷೆಗೆ ಕೊಟ್ರೆ ಸುಣ್ಣ ಎಷ್ಟು ಹಾಕ್ಬೇಕು ಅಂತ ಚೀಟಿ ಬರ್ತದೆ. ಮಣ್ಣಿಗಿಂತ ನಾನು ಕಡೆಯಾ?"

ಗಂಡ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ನಾನು ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ, "ಬಂತಾ?" ಎಂಬ ಸ್ವರ. ಬಂದಿಲ್ಲ ಎಂದರೆ, "ಆಯ್ತು, ಬರ್ಲಿ" ಎಂದು ಮಗ್ಗುಲು ಬದಲಿಸುವ ಶಬ್ದ. ಅವರಿಗೆ ಅವಸರವಿರಲಿಲ್ಲ. ನನಗೆ ಇತ್ತು. ಕ್ಯಾನ್ಸರು ಹರಡಿದೆಯೋ ಇಲ್ಲವೋ ಎಂದು ನೋಡಬಲ್ಲ ಸ್ಕ್ಯಾನು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಅವರು ಮಾತ್ರ ಎಂದೂ ಬಾಯಿ ಬಿಡದ ಯಂತ್ರದ ಉತ್ತರಕ್ಕೆ ಕಾಯುತ್ತಿದ್ದಾರೆ. ಆ ಯಂತ್ರಕ್ಕೆ ರಕ್ತ ಒಯ್ದವಳು ನಾನೇ. ಊರೂರು ತಿರುಗಿ ತಪಾಸಣೆ ತಪ್ಪಿಸಬೇಡಿ ಎಂದು ಹೇಳುವವಳ ಮನೆಯಲ್ಲೇ ಹೀಗೆ.

ಮೇಡಂಗೆ ಫೋನ್ ಮಾಡಿದೆ.

"ಒಂದು ಮಾದರಿ ಮಾತ್ರ ಮೊದಲು ನೋಡ್ಲಿಕ್ಕೆ ಆಗ್ತದಾ ಮೇಡಂ? ನಿಯಮ ಇಲ್ಲ, ಗೊತ್ತುಂಟು. ಮನೆಯಲ್ಲಿ ಹೀಗಾಗಿದೆ."

ಅವರು ಎಲ್ಲವನ್ನೂ ಕೇಳಿದರು. ಸಿಟ್ಟು ಮಾಡಲಿಲ್ಲ. "ಮಿಷನ್ ನಿಂತಿದೆ. ಪಂಪು ಹೋಗಿದೆ, ಸರಿ ಮಾಡುವವರು ಬರ್ಬೇಕಷ್ಟೆ. ಅದು ಬಿಡು. ನಡೀತಾ ಇದ್ರೂ ಎಂತ ಹೇಳುದು ನಾನು? ಒಬ್ಬರ ಒಂದು ಸಲದ ಅಳತೆಗೆ ಅರ್ಥ ಇಲ್ಲ. ಮೊನ್ನೆ ಜ್ವರ ಬಂದಿದ್ರೂ ಅದು ಏರ್ತದೆ, ನಿನ್ನೆ ಜಾರಿ ಬಿದ್ದಿದ್ರೂ ಏರ್ತದೆ. ತುಂಬ ಜನರದ್ದು ಒಟ್ಟು ಹಾಕಿದ ಮೇಲೆ ಎಲ್ಲಿಯಾದ್ರೂ ಒಂದು ಗೆರೆ ಕಂಡ್ರೆ ಕಂಡೀತು. ಕಾಣದೆಯೂ ಇರಬಹುದು."

"ಹಾಗಾದ್ರೆ ಇಷ್ಟು ವರ್ಷ ನಾವು ಮಾಡಿದ್ದು?"

"ಅದನ್ನೇ ನನ್ನ ಮೇಲಿನವರೂ ನನ್ನ ಹತ್ತಿರ ಕೇಳ್ತಾ ಇದ್ದಾರೆ, ಮಾರಾಯ್ತಿ."

ಅವರ ಸ್ವರದಲ್ಲಿದ್ದ ಬೇಸರ ನನ್ನದಕ್ಕಿಂತ ಹಳೆಯದು ಎಂದು ನನಗೆ ಆಗ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಗಂಡ ಇನ್ನೊಂದು ಉಪಾಯ ಸೂಚಿಸಿದರು. ಅಡುಗೆಮನೆಯಲ್ಲಿ ಸ್ವರ ತಗ್ಗಿಸಿ, "ಉತ್ತರ ಬಂತು ಅಂತ ಹೇಳಿಬಿಡು. ಮುಗೀತಲ್ಲ" ಎಂದರು.

"ಎಂತ ಬಂತು ಅಂತ ಹೇಳ್ಲಿ? ಒಳ್ಳೆದು ಬಂತು ಅಂದ್ರೆ ಸ್ಕ್ಯಾನಿಗೆ ಬರುದಿಲ್ಲ. ಕೆಟ್ಟದು ಬಂತು ಅಂದ್ರೆ, ಸ್ಕ್ಯಾನಿನಲ್ಲಿ ಏನೂ ಇಲ್ಲದಿದ್ರೆ?"

"ಆಗ ಸಂತೋಷ ಆಗ್ತದೆ."

"ನಿಮಗೆ ಆಗ್ತದೆ. ಆ ನಡುವಿನ ದಿನಗಳಲ್ಲಿ ನಿಮ್ಮ ಅಮ್ಮ ಊಟ ಮಾಡ್ತಾರಾ?"

ಅವರು ಗೂಟದಿಂದ ಜೀಪಿನ ಕೀಲಿಕೈ ತೆಗೆದುಕೊಂಡರು. "ನಿನ್ನ ಮಿಷನಿಗೆ ನಮ್ಮ ಜೀಪಿನಷ್ಟೂ ಬುದ್ಧಿ ಇಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಜೀಪು ಸದ್ದಾದ್ರೂ ಮಾಡ್ತದೆ" ಎಂದು ಹೊರಗೆ ಹೋದರು.

ಮಳೆ ಕಡಿಮೆಯಾಗಿ ಬಿಸಿಲು ಬಂದಿತು. ಅತ್ತೆ ಹೆಪ್ಪು ಹಾಕುವ ತಟ್ಟೆ ಎತ್ತಲಾರದೆ ಕೆಲಸವನ್ನು ಆಳಿಗೆ ಬಿಟ್ಟುಕೊಟ್ಟರು. ಯಾರಿಗೂ ಬಿಡದವರು ಬಿಟ್ಟರು. ಅಂದು ಅವರು ಜಗಲಿಯ ಕಂಬಕ್ಕೆ ಒರಗಿ ಕುಳಿತು ಆಳಿಗೆ ಬೈಯುತ್ತಿದ್ದುದನ್ನು ಕೇಳಿ ನನಗೆ ಅಳು ಬಂದಿತು, ಜೊತೆಗೆ ಸಿಟ್ಟೂ ಬಂದಿತು. ನಾನು ಅವರ ಎದುರು ನಿಂತು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಅತ್ತೆ, ಜ್ಯೋತಿಷಿಗಳು ಸತ್ತೇ ಹೋದ್ರು ಅಂತ ಇಟ್ಟುಕೊಳ್ಳಿ. ಇಟ್ಟ ಪ್ರಶ್ನೆ ಎಂತ ಆಗ್ತದೆ? ಆ ಮನೆಯವರು ಜೀವಮಾನ ಇಡೀ ಕಾಯುದಾ?"

ಅವರು ಬೈಯುವುದನ್ನು ನಿಲ್ಲಿಸಿ ಯೋಚಿಸಿದರು. "ಹಾಗೆ ಎಂತಕ್ಕೆ ಕಾಯುದು? ಇಟ್ಟ ವೀಳ್ಯವನ್ನು ಹಿಂದೆ ತೆಗೊಳ್ಳುದು. ಇಟ್ಟವರೇ ಹೋಗಿ, ಕೈಯಾರೆ ತೆಗೊಂಡು ಬರುದು. ಮತ್ತೆ ಎಲ್ಲಿ ಬೇಕಾದ್ರೂ ಕೇಳ್ಬಹುದು."

"ರಕ್ತವನ್ನೂ ಹಿಂದೆ ತೆಗೊಳ್ಳಬಹುದು," ಎಂದೆ.

ಇದು ನಾನು ಕಟ್ಟಿ ಹೇಳಿದ ಮಾತಲ್ಲ. ಕೊಟ್ಟವರು ಯಾವಾಗ ಬೇಕಾದರೂ, ಕಾರಣ ಹೇಳದೆಯೇ, ತಮ್ಮ ಮಾದರಿಯನ್ನು ಹಿಂಪಡೆಯಬಹುದು ಎಂಬುದು ಯೋಜನೆಯ ನಿಯಮ. ಪ್ರತಿ ಮನೆಯಲ್ಲೂ ಅದನ್ನು ಹೇಳುತ್ತೇನೆ. ಯಾರೂ ಹಿಂಪಡೆದದ್ದಿಲ್ಲವಾದುದರಿಂದ ನನ್ನ ಬಾಯಲ್ಲಿ ಅದು ಬರಿಯ ಪಾಠವಾಗಿತ್ತು.

"ಹೌದಾ? ಕೊಡ್ತಾರಾ?"

"ಕೈಗೆ ಕೊಡುದಿಲ್ಲ. ನಾಶ ಮಾಡ್ತಾರೆ."

"ನನ್ನ ಕಣ್ಣೆದುರು ಮಾಡ್ಲಿ. ನೀನು ಮಾಡಿದ್ರು ಅಂತ ಹೇಳಿದ್ರೆ ಆಗುದಿಲ್ಲ. ನಾನೇ ಹೋಗ್ಬೇಕು."

ಮೇಡಂಗೆ ಫೋನಿನಲ್ಲಿ ತಿಳಿಸಿದೆ. ಅತ್ತೆಯ ಮಾದರಿ ಮನೆಯಿಂದ ನೇರವಾಗಿ, ಗಂಡನ ಜೀಪಿನಲ್ಲಿ ನಿಧಾನವಾಗಿ ಬಂದದ್ದು. ಒಣಹುಲ್ಲಿನ ಬಣ್ಣದ ಶುದ್ಧ ತಿಳಿ. ನೋವು ಶುರುವಾಗುವ ಮೊದಲಿನದು. ಅಂಥದ್ದು ಸಿಗುವುದೇ ಅಪರೂಪ. "ನಿನ್ನದೇ ಕೈಯಿಂದ ಬಂದ ಎಲ್ಲಕ್ಕಿಂತ ಒಳ್ಳೆ ಮಾದರಿ ಅದು. ಅದನ್ನೇ ಚೆಲ್ಲು ಅಂತಿ," ಎಂದರು. ಕೊನೆಗೆ, "ಕರ್ಕೊಂಡು ಬಾ. ಅವರ ಹಕ್ಕು," ಎಂದರು. ಪ್ರಯೋಗಾಲಯಕ್ಕೆ ಹೊರಗಿನವರನ್ನು ಸೇರಿಸಲು ಯಾರ ಯಾರ ಅನುಮತಿ ಕೇಳಿದರೋ, ನನಗೆ ಹೇಳಲಿಲ್ಲ.

ಅತ್ತೆಯ ಬೆನ್ನಿಗೆ ಎರಡು ದಿಂಬು ಇಟ್ಟು ಗಂಡ ನಮ್ಮಿಬ್ಬರನ್ನೂ ಜೀಪಿನಲ್ಲಿ ನಗರಕ್ಕೆ ಕರೆದುಕೊಂಡು ಹೋದರು. ಪ್ರತಿ ಹೊಂಡಕ್ಕೂ ಅತ್ತೆ ಉಸಿರು ಬಿಗಿಹಿಡಿಯುತ್ತಿದ್ದರು. ಪ್ರಯೋಗಾಲಯದ ಬಾಗಿಲಲ್ಲಿ ಕಾಲಿಗೆ ನೀಲಿ ಚೀಲ, ತಲೆಗೆ ಟೋಪಿ ಹಾಕಿಸಿದರು. ನಮ್ಮ ಕೂದಲು, ಚರ್ಮದ ಪುಡಿ ಬಿದ್ದರೆ ಅದರಲ್ಲಿನ ಪ್ರೋಟೀನೂ ಅಳತೆಯಲ್ಲಿ ಸೇರಿಬಿಡುತ್ತದೆ ಎಂದು ಮೇಡಂ ತಿಳಿಸಿದರು. ಅತ್ತೆ ಟೋಪಿ ಮುಟ್ಟಿಕೊಂಡು, "ಕೂದಲು ಇಲ್ಲದಾಗ ಬಂದಿದ್ರೆ ಇದು ಉಳೀತಿತ್ತು" ಎಂದರು. ಮೇಡಂ ನಗಬೇಕೋ ಬಾರದೋ ತಿಳಿಯದೆ ನನ್ನ ಮುಖ ನೋಡಿದರು.

ಒಳಗೆ ಕಾಲಿಟ್ಟೊಡನೆ ಅತ್ತೆ ಮೂಗು ಮೇಲೆತ್ತಿದರು.

"ಇಲ್ಲಿಯೂ ಶೀಟು ಮಾಡ್ತೀರಾ?"

ಚೂರುಗಳನ್ನು ಯಂತ್ರದೊಳಗೆ ಒಯ್ಯುವ ದ್ರವಕ್ಕೆ ಇವರು ಒಂದಿಷ್ಟು ಫಾರ್ಮಿಕ್ ಆಸಿಡ್ ಸೇರಿಸುತ್ತಾರೆ. ನಾವು ರಬ್ಬರು ಹಾಲು ಹೆಪ್ಪುಗಟ್ಟಲು ಹಾಕುವುದೂ ಅದನ್ನೇ. ಇವರದು ಬಹಳ ಶುದ್ಧವಾದುದು, ವಾಸನೆ ಒಂದೇ. ಮೇಡಂಗೆ ಈ ವಿಷಯ ಗೊತ್ತಿರಲಿಲ್ಲ. ಅವರು ಹೌದಾ ಎಂದು ಅತ್ತೆಯನ್ನು ಎರಡು ಮೂರು ಪ್ರಶ್ನೆ ಕೇಳಿದರು. ಅತ್ತೆಯ ಕಣ್ಣು ಯಂತ್ರದ ಮೇಲಿತ್ತು. ಅದು ಗೋದ್ರೇಜು ಕಪಾಟಿನ ಅರ್ಧದಷ್ಟಿರುವ ಬೂದು ಪೆಟ್ಟಿಗೆ. ಮುಚ್ಚಳ ತೆಗೆದು ಇಟ್ಟಿದ್ದರು. ತಂತಿಗಳು ಹೊರಗಿದ್ದವು.

"ಇದಾ?"

"ಇದೇ, ಅಮ್ಮ."

"ಪಾಪ. ಇದಕ್ಕೇ ಸೌಖ್ಯ ಇಲ್ಲ."

ಶೀತಲ ಪೆಟ್ಟಿಗೆಯಿಂದ ಒಂದು ಕೊಳವೆ ತಂದರು. ಮೇಲೆ ನನ್ನ ಇರುವೆ ಅಕ್ಷರದ ಸಂಖ್ಯೆ. ಅದು ತಮ್ಮದೇ ಎಂದು ನನ್ನಿಂದ ಹೇಳಿಸಿಕೊಂಡ ಮೇಲೆ ಅತ್ತೆ, "ನನ್ನ ಕೈಗೆ ಒಮ್ಮೆ ಕೊಡಿ" ಎಂದರು. ಮೇಡಂ ಅವರಿಗೆ ಗ್ಲೌಸ್ ಹಾಕಿಸಿ ಕೊಟ್ಟರು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು, ತಂಪು ಕಚ್ಚಿದಂತಾಗಿ ಇನ್ನೊಂದು ಕೈಗೆ ಬದಲಿಸಿ, ಏನೋ ಗುಣುಗುಣಿಸಿ, ಮರಳಿಸಿದರು. ಮೇಡಂ ಅದನ್ನು ಮಾದರಿ ನಾಶಮಾಡುವ ಔಷಧಿ ತುಂಬಿದ ಪಾತ್ರೆಗೆ ಹಾಕಿದರು. ಹಾಗೆಯೇ ಅತ್ತೆಯ ತಿಳಿಯಿದ್ದ ಉಳಿದ ಕೊಳವೆಗಳನ್ನೂ. ಮೇಡಂ ಪಾತ್ರೆಯ ಮುಚ್ಚಳವನ್ನು ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸಿದರು.

ಹೊರಗೆ ಬಂದು ಜೀಪಿಗೆ ಒರಗಿಕೊಂಡು ಅತ್ತೆ ಮಗನಿಗೆ ಹೇಳಿದರು. "ಈಗ ಎಲ್ಲಿಗೆ ಹೋಗ್ಬೇಕು? ನಡಿ."

ಸ್ಕ್ಯಾನಿಗೆ ಮರುದಿನದ ಹೊತ್ತು ಸಿಕ್ಕಿತು. ಚುಚ್ಚುಮದ್ದು ಕೊಟ್ಟು, ನೀರು ಕುಡಿಸಿ, ಕಾಯಿಸಿ, ಮಲಗಿಸಿ ತೆಗೆದರು. ವರದಿಯನ್ನು ಓದಬಲ್ಲಷ್ಟು ಈ ಕೆಲಸ ನನಗೆ ಕಲಿಸಿದೆ. ಕಲಿಸದಿದ್ದರೆ ಚೆನ್ನಾಗಿತ್ತು. ಬೆನ್ನುಮೂಳೆಯಲ್ಲಿ ಎರಡು ಕಡೆ, ಪಕ್ಕೆಲುಬಿನಲ್ಲಿ ಒಂದು ಕಡೆ ಕಪ್ಪು ಗುರುತು. ಹರಡಿತ್ತು.

ಡಾಕ್ಟರು ಅತ್ತೆಗೆ ತಾವೇ ವಿವರಿಸಿದರು. ಪೂರ್ತಿ ತೆಗೆದುಹಾಕಲು ಆಗದು. ಹಿಡಿದು ನಿಲ್ಲಿಸಲು ಔಷಧಿಗಳಿವೆ. ನೋವಿಗೆ ಕಿರಣ ಕೊಡೋಣ. ಎಲುಬಿಗೆ ಬಲ ಬರುವ ಚುಚ್ಚುಮದ್ದು ಕೊಡೋಣ. ಇದರ ಜೊತೆ ವರ್ಷಗಟ್ಟಲೆ ಇರುವವರಿದ್ದಾರೆ. ಅತ್ತೆ ಕೇಳಿದ್ದು ಒಂದೇ.

"ಇದು ಸರಿಯಾದ ಉತ್ತರ ಅಲ್ವಾ? ಇನ್ನೊಂದು ಕಡೆ ಕೇಳ್ಬೇಕು ಅಂತ ಇಲ್ಲ?"

"ಇಲ್ಲ ಅಮ್ಮ. ಇದೇ."

"ಹಾಗಾದ್ರೆ ಶುರು ಮಾಡಿ."

ನಾನು ಹಿಂದೆ ಉಳಿದು ಡಾಕ್ಟರನ್ನು ಕೇಳಿದೆ: ಮಳೆಗಾಲದಲ್ಲೇ ಸ್ಕ್ಯಾನ್ ಆಗಿದ್ದರೆ? ಅವರು ಕನ್ನಡಕ ತೆಗೆದು ಒರೆಸಿದರು. ಆ ನೋವನ್ನು ಅಷ್ಟು ದಿನ ಸಹಿಸಬೇಕಾಗಿರಲಿಲ್ಲ, ಅದು ಖಂಡಿತ. ಉಳಿದದ್ದನ್ನು ಹೇಳಲು ಬರುವುದಿಲ್ಲ ಎಂದರು. ಹೇಳಲು ಬರುವುದಿಲ್ಲ ಎಂಬ ಮಾತನ್ನು ನಾನು ಎಷ್ಟು ಜನರ ಬಾಯಿಂದ ಕೇಳಿದ್ದೇನೆ. ಆದರೂ ಅಂದು ಅದು ಹೊಸದಾಗಿ ಚುಚ್ಚಿತು.

ಈಗ ಅತ್ತೆಗೆ ಕಿರಣ ಚಿಕಿತ್ಸೆ ಮುಗಿದಿದೆ. ಗೋಡೆ ಹಿಡಿಯದೆ ಏಳುತ್ತಾರೆ. ಪ್ರಯೋಗಾಲಯದ ಯಂತ್ರವೂ ಸರಿಯಾಗಿದೆಯಂತೆ. ಮೊನ್ನೆ ಮೇಡಂ ಫೋನ್ ಮಾಡಿ, ಬಹಳ ಸಂಕೋಚದಿಂದ, ಕ್ಯಾನ್ಸರು ಹರಡಿದವರ ಗುಂಪಿನಲ್ಲಿ ಮಾದರಿಗಳು ತೀರಾ ಕಡಿಮೆ ಇವೆ, ಅತ್ತೆಯವರು ಮತ್ತೊಮ್ಮೆ ಕೊಡುವರೇ, ಒತ್ತಾಯವಿಲ್ಲ ಎಂದು ವಿಚಾರಿಸಿದರು. ನನಗೆ ಒಳ್ಳೆಯ ಸಿಟ್ಟು ಬಂದಿತು. ಅವರು ಕೇಳಿದ್ದು ತಪ್ಪಲ್ಲ. ಮುಂದೆ ಯಾವಳೋ ಒಬ್ಬಳು ಒಂದು ತೊಟ್ಟು ರಕ್ತ ಕೊಟ್ಟು ಸರಿಯಾದ ಉತ್ತರ ಪಡೆಯಬೇಕಾದರೆ ಈಗ ಯಾರೋ ಉತ್ತರವಿಲ್ಲದೆ ಕೊಡಲೇಬೇಕು. ಇದನ್ನು ಮನೆಮನೆಗಳಲ್ಲಿ ಹೇಳುವವಳು ನಾನೇ. ನನ್ನ ಮನೆಯಲ್ಲಿ ಹೇಳಲು ಮಾತ್ರ ನಾಲಗೆ ಏಳುವುದಿಲ್ಲ.

ಆದರೂ ಹೇಳಿದೆ. ಉತ್ತರ ಬರುವುದಿಲ್ಲ ಎಂಬುದನ್ನು ಈ ಸಲ ಮೂರು ಬಾರಿ, ಬೇರೆ ಬೇರೆ ಮಾತುಗಳಲ್ಲಿ ಹೇಳಿದೆ.

"ಗೊತ್ತಾಯ್ತು ಮಾರಾಯ್ತಿ, ನನಗೆಂತ ಕಿವಿ ಕೇಳುದಿಲ್ವಾ?" ಎಂದರು ಅತ್ತೆ. ಬೆನ್ನಿನ ದಿಂಬು ಸರಿಮಾಡಿಕೊಂಡು, "ಬೆನ್ನು ಇನ್ನೂ ಸ್ವಲ್ಪ ಸರಿ ಆಗ್ಲಿ. ನೋಡುವ" ಎಂದರು.

ನೋಡುವ ಎಂದರೆ ನಮ್ಮ ಕಡೆ ಹೌದೂ ಆಗಬಹುದು, ಇಲ್ಲವೂ ಆಗಬಹುದು. ಮೇಡಂಗೆ ಹಾಗೆಯೇ ತಿಳಿಸಿದ್ದೇನೆ. ಅವರು, ಸರಿ, ಒತ್ತಾಯ ಮಾಡಬೇಡ ಎಂದಿದ್ದಾರೆ. ನಾನು ಒತ್ತಾಯ ಮಾಡುತ್ತಿಲ್ಲ. ಪೆಟ್ಟಿಗೆಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಜೀಪಿನಲ್ಲೇ ಇಡುತ್ತಿದ್ದೇನೆ.

ಇಷ್ಟನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ. ಬರೆದದ್ದನ್ನು ಮತ್ತೆ ಓದಲು ನನಗೆ ಧೈರ್ಯ ಸಾಲದು. ಕಾಗುಣಿತದಲ್ಲಾಗಲಿ, ಯಂತ್ರದ ವಿಚಾರವನ್ನು ವಿವರಿಸಿದ್ದರಲ್ಲಾಗಲಿ ತಪ್ಪು ಕಂಡುಬಂದರೆ ಬಲ್ಲವರು ದಯಮಾಡಿ ಅಲ್ಲಲ್ಲೇ ತಿದ್ದಿ, ನನಗೂ ತಿಳಿಸಬೇಕಾಗಿ ವಿನಂತಿಸುತ್ತೇನೆ.